ಸಾಗರದ ಗೆಳೆಯನಿಗೊಂದು ಪತ್ರ: ಅಮ್ಮನ ಸೀರೆ, ಕರಿ ಮಿಷನ್ನು

ಮಾರಾಯ,

ಅಮ್ಮನ ಹಳೇ ಸೀರೆಗಳನ್ನು ಪದರ ಪದರವಾಗಿ ಹಾಸಿ ಮಿಷನ್ನಿನಲ್ಲಿ ಕೌದಿ ಹೊಲಿಯಬೇಕು, ಅದಕ್ಕೆ ಮಿಷನ್ನಿನ ಹಲ್ಲು ಇಳಿಸುವುದು ಹೇಗೆ ಅಂತ ಕೇಳಿದ್ದೆ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಮನೆ ಸಿಗ್ನಲ್ಲು ಅರ್ಧ ಮಾತು ನುಂಗುತ್ತದೆ. ಹಾಗಾಗಿ ಇಲ್ಲೇ ಎಲ್ಲರೆದುರು ಬರೆಯುತ್ತಿದ್ದೇನೆ. ಕಪಾಟಿನಲ್ಲಿ ಅಮ್ಮನ ಸೀರೆ, ಮೂಲೆಯಲ್ಲಿ ಹಳೇ ಮಿಷನ್ನು ಇಟ್ಟುಕೊಂಡವನು ನೀನೊಬ್ಬನೇ ಅಲ್ಲವಲ್ಲ.

ಸಾಮಾನ್ಯ ಹೊಲಿಗೆಯಲ್ಲಿ ಸೂಜಿಯ ಕೆಳಗಿನ ಹಲ್ಲುಗಳೇ ಬಟ್ಟೆ ಎಳೆದುಕೊಂಡು ಹೋಗುತ್ತವೆ. ಬೇಕಾದ ದಿಕ್ಕಿಗೆ ಬಟ್ಟೆ ಸರಿಸುತ್ತಾ ಹೊಲಿಯುವ ಫ್ರೀ ಮೋಷನ್ನಿನಲ್ಲಿ ಆ ಕೆಲಸ ನಿನ್ನ ಕೈಯದು. ಕೆಲವು ಮಿಷನ್ನಿನಲ್ಲಿ ಹಲ್ಲು ಇಳಿಸಲು ತಿರುಪೋ ಗುಂಡಿಯೋ ಇರುತ್ತದೆ. ನಿನ್ನದರಲ್ಲಿ ಇಲ್ಲದಿದ್ದರೆ ಹೊಲಿಗೆಯ ಉದ್ದವನ್ನು ಸೊನ್ನೆಗೆ ತಂದಿಡು. ಹಲ್ಲು ಮೇಲೆ ಕೆಳಗೆ ಆಡಿದರೂ ಬಟ್ಟೆಯನ್ನು ಮುಂದಕ್ಕೆ ತಳ್ಳುವುದಿಲ್ಲ. ತಾಗುತ್ತದೆ ಅನ್ನಿಸಿದರೆ ನಡುವೆ ಸೂಜಿಗೆ ತೂತು ಮಾಡಿದ ವಿಸಿಟಿಂಗ್ ಕಾರ್ಡನ್ನು ಅದರ ಮೇಲೆ ಟೇಪು ಹಾಕಿ ಅಂಟಿಸು.

ಇದಕ್ಕೆ ಡಾರ್ನಿಂಗ್ ಫೂಟ್, ಅಂದರೆ ರಫು ಹೊಲಿಗೆಯ ಪಾದ, ಬೇಕು. ಗಾಂಧಿ ಬಜಾರಿನಲ್ಲಿ ಟೈಲರಿಂಗ್ ಸಾಮಾನಿನ ಅಂಗಡಿಗೆ ಹೋಗುವಾಗ ನಿನ್ನ ಮಿಷನ್ನಿನ ಈಗಿನ ಫೂಟನ್ನು ಬಿಚ್ಚಿ ಜೇಬಿನಲ್ಲಿಟ್ಟುಕೊಂಡು ಹೋಗು, ಎತ್ತರ ಹೋಲಿಸದೆ ತರಬೇಡ. ಅದರ ಉದ್ದನೆಯ ಕಡ್ಡಿ ಸೂಜಿ ಬಿಗಿಯುವ ಸ್ಕ್ರೂ ಮೇಲೆ ಕೂರಬೇಕು. ಸೂಜಿ ಏಳುವಾಗ ಫೂಟೂ ಎದ್ದು ಬಟ್ಟೆಯನ್ನು ಬಿಡುತ್ತದೆ, ಆ ಗಳಿಗೆಯಲ್ಲೇ ನೀನು ಬಟ್ಟೆ ಸರಿಸುವುದು. ಕೆಳಗಿಳಿಸಿದರೂ ಸೂಜಿ ಮೇಲಿದ್ದಾಗ ಈ ಫೂಟು ಬಟ್ಟೆಯನ್ನು ಒತ್ತಿ ಹಿಡಿಯುವುದಿಲ್ಲ, ಅದಕ್ಕೇ ಹೊಸಬರು ಫೂಟು ಇಳಿಸುವ ಹಿಂದಿನ ಸನ್ನೆಕೋಲನ್ನು ಇಳಿಸಲು ಮರೆಯುತ್ತಾರೆ. ಸನ್ನೆಕೋಲು ಮೇಲಿದ್ದರೆ ಟೆನ್ಶನ್ ಬಿಲ್ಲೆಗಳು ದಾರ ಹಿಡಿಯುವುದೇ ಇಲ್ಲ. ಅಡಿಯಲ್ಲಿ ದಾರದ ಗುಡ್ಡೆ ಬಿದ್ದರೆ ಕೆಳಗಿನ ದಾರ ಸುತ್ತಿದ ಬಾಬಿನ್ನನ್ನು ಬೈಯುವ ಮೊದಲು ಇದನ್ನು ನೋಡು.

ಶುರು ಮಾಡುವಾಗ ಚಕ್ರವನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ ಬಾಬಿನ್ ದಾರವನ್ನು ಮೇಲಕ್ಕೆಳೆದುಕೋ. ಎರಡೂ ದಾರ ಹಿಡಿದುಕೊಂಡು ಅದೇ ಜಾಗದಲ್ಲಿ ಮೂರು ನಾಲ್ಕು ಸಣ್ಣ ಹೊಲಿಗೆ ಹಾಕಿ, ಆಮೇಲೆ ಹೊರಡು. ಹೊಲಿಗೆಯ ಉದ್ದ ಇಲ್ಲಿ ಕಾಲಿಗೂ ಕೈಗೂ ನಡುವಿನ ಒಪ್ಪಂದ. ಮಿಷನ್ನು ಜೋರು, ಕೈ ನಿಧಾನವಾದರೆ ಹೊಲಿಗೆ ಚುಕ್ಕಿಯಷ್ಟಾಗುತ್ತದೆ. ಕೈ ಜೋರು, ಮಿಷನ್ನು ನಿಧಾನವಾದರೆ ಉದ್ದುದ್ದ ಹೊಲಿಗೆ, ಸೂಜಿ ಬಾಗಿ ಪ್ಲೇಟಿಗೆ ಹೊಡೆದು ಮುರಿಯುವುದೂ ಉಂಟು. ಇಂಚಿಗೆ ಎಂಟರಿಂದ ಹತ್ತು ಹೊಲಿಗೆ ಬಂದರೆ ಸಾಕು. ತಿರುವಿನಲ್ಲಿ ಎಲ್ಲರ ಕೈಯೂ ಓಡುತ್ತದೆ. ಹಿಂಬದಿಯಲ್ಲಿ ರೆಪ್ಪೆಗೂದಲಿನ ಹಾಗೆ ದಾರ ಎದ್ದು ನಿಲ್ಲುವುದು ಅಲ್ಲೇ. ಕೈ ನಿಧಾನಿಸಿ ನೋಡು, ಹೋಗದಿದ್ದರೆ ಮೇಲಿನ ಟೆನ್ಶನ್ ಸ್ವಲ್ಪ ಬಿಗಿ ಮಾಡು. ಬಾಬಿನ್ ದಾರವೇ ಮೇಲೆ ಚುಕ್ಕಿಯಾಗಿ ಇಣುಕಿದರೆ ಆ ಮೇಲಿನ ಟೆನ್ಶನ್ನನ್ನೇ ಸಡಿಲಿಸು. ಪರೀಕ್ಷೆಗೆ ಮೇಲೊಂದು ಬಣ್ಣ, ಕೆಳಗೊಂದು ಬಣ್ಣ ಹಾಕಿಕೊಂಡರೆ ತಪ್ಪು ಯಾವ ಕಡೆಯದು ಅಂತ ಕೂಡಲೇ ಗೊತ್ತಾಗುತ್ತದೆ.

ನಿನ್ನದು ಕಾಲುಮಿಷನ್ನು, ಅದು ಒಳ್ಳೆಯದೇ. ಕರೆಂಟು ಹೋದರೆ ಕೆಲಸ ನಿಲ್ಲುವುದಿಲ್ಲ, ಎರಡೂ ಕೈ ಬಿಡುವಾಗಿರುತ್ತವೆ. ಕೈಮಿಷನ್ನಿನಲ್ಲಿ ಈ ಕೆಲಸ ಆಗದು, ಒಂದು ಕೈ ಹಿಡಿಕೆಗೇ ಹೋಗುತ್ತದೆ. ಚಕ್ರ ಹಿಂದಕ್ಕೆ ತಿರುಗದ ಹಾಗೆ ಮಾತ್ರ ಕಾಲು ಪಳಗಲಿ, ತಿರುಗಿದರೆ ದಾರ ಸಿಕ್ಕು. ಬಾಬಿನ್ ಕೂರುವ ಶಟಲ್ಲಿಗೆ ಮಿಷನ್ ಎಣ್ಣೆ ಒಂದೇ ಹನಿ. ಕೊಬ್ಬರಿ ಎಣ್ಣೆ ಬೇಡವೇ ಬೇಡ, ಅದು ಅಂಟಾಗಿ ಧೂಳು ಹಿಡಿಯುತ್ತದೆ. ಮಳೆಗಾಲದಲ್ಲಿ ಸೂಜಿಯನ್ನು ಬಟ್ಟೆಯಲ್ಲಿ ಚುಚ್ಚಿಟ್ಟು ಎದ್ದು ಹೋಗಬೇಡ, ತುಕ್ಕಿನ ಕಲೆ ಬೀಳುತ್ತದೆ. ಪದರ ಹಾಸುವ ಮೊದಲು ಎಲ್ಲವನ್ನೂ ಇಸ್ತ್ರಿ ಮಾಡಿ ಒಣಗಿಸು. ತೇವ ಒಳಗೇ ಉಳಿದರೆ ಬೂಷ್ಟು ಹಿಡಿಯುತ್ತದೆ.

ಪದರಗಳನ್ನು ಅಂಗೈ ಅಗಲಕ್ಕೊಂದರಂತೆ ಪಿನ್ನು ಹಾಕಿ ಹಿಡಿ, ಹೊಲಿಗೆ ಮಧ್ಯದಿಂದ ಹೊರಕ್ಕೆ ಹೋಗಲಿ. ನಮ್ಮ ಕೈಕೌದಿಯ ಲೆಕ್ಕ ಬೇರೆ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಕವಂದಿ ಅನ್ನುವ ತಮ್ಮ ಕೌದಿಯನ್ನು ಒಂದು ಮೂಲೆಯಿಂದ ಹಿಡಿದು ಅಂಚಿನುದ್ದಕ್ಕೂ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಕೈಗೆ ಅದು ಸಾಧ್ಯ, ಏಕೆಂದರೆ ಸುಕ್ಕು ಬಂದ ಕಡೆ ಬೆರಳು ಅದನ್ನು ಅಲ್ಲೇ ಸವರಿ ಸರಿಮಾಡುತ್ತದೆ. ಮಿಷನ್ನು ಮೇಲಿನ ಪದರವನ್ನು ಮುಂದಕ್ಕೆ ದೂಡುತ್ತಲೇ ಇರುತ್ತದೆ. ಅಂಚು ಮೊದಲೇ ಹೊಲಿದುಬಿಟ್ಟರೆ ಆ ಹೆಚ್ಚುವರಿ ಬಟ್ಟೆಗೆ ಹೋಗಲು ದಾರಿಯಿಲ್ಲದೆ ನಡುವೆ ಗುಬುಟಾಗಿ ನಿಲ್ಲುತ್ತದೆ.

ಇಷ್ಟು ಬರೆದು ನಿಲ್ಲಿಸಬೇಕೆಂದಿದ್ದೆ. ಆದರೆ ನೀನು ಕಳಿಸಿದ ಮಾದರಿಯ ಚಿತ್ರ ನೋಡಿದಾಗಿನಿಂದ ಒಂದು ಅಳುಕು. ಕಾಲಿಂಚಿಗೊಂದು ಗೆರೆ, ಜಾಗ ಬಿಡದೆ ಬಳ್ಳಿ, ಬಳ್ಳಿಯ ನಡುವೆ ಹರಳಿನಾಕಾರದ ಸಣ್ಣ ಹೊಲಿಗೆ. ಚಿತ್ರದಲ್ಲಿ ಚಂದವೇ. ಅಷ್ಟು ಒತ್ತಾದ ಹೊಲಿಗೆಯನ್ನು ಅಮ್ಮನ ಆ ನೂಲಿನ ಸೀರೆಗೆ ಹಾಕುತ್ತೀಯಾ? ಇಪ್ಪತ್ತು ಮೂವತ್ತು ವರ್ಷ ಉಟ್ಟು ಒಗೆದ ಬಟ್ಟೆ ಅದು. ಹೊಸ ಪಾಲಿಯೆಸ್ಟರ್ ದಾರ ಅದಕ್ಕಿಂತ ಗಟ್ಟಿ. ಹೊದ್ದವರು ಮಗ್ಗುಲು ಬದಲಿಸಿದಾಗ ದಾರ ಬಿಡುವುದಿಲ್ಲ, ಬಟ್ಟೆಯೇ ತೂತಿನ ಸಾಲಿನುದ್ದಕ್ಕೂ ಬಿಡುತ್ತದೆ. ಒತ್ತಾಗಿ ಹೊಲಿದಷ್ಟೂ ಪದರಗಳ ನಡುವಿನ ಗಾಳಿ ಕಡಿಮೆ, ಬೆಚ್ಚಗಾಗುವುದೂ ಕಡಿಮೆ. ಕೌದಿ ರಟ್ಟಿನಂತೆ ನಿಲ್ಲುತ್ತದೆ.

ಮಿಷನ್ನಿನದು ಕೀಳು ಕೆಲಸ ಅಂತ ನಾನು ಹೇಳುತ್ತಿಲ್ಲ. ಆ ಜಗಳ ಅಮೆರಿಕದಲ್ಲೂ ನಡೆದಿದೆ. 1989ರಲ್ಲಿ ಕೆಂಟಕಿಯ ಪಡೂಕಾದ ದೊಡ್ಡ ಪ್ರದರ್ಶನದಲ್ಲಿ ಕ್ಯಾರಲ್ ಬ್ರೈಯರ್ ಫಾಲರ್ಟ್ ಮಿಷನ್ನಿನಲ್ಲಿ ಹೊಲಿದ ಕ್ವಿಲ್ಟಿಗೆ, ಅಂದರೆ ಅಲ್ಲಿನವರ ಕೌದಿಗೆ, ಮೊದಲ ಸಲ ಅತ್ಯುತ್ತಮ ಪ್ರಶಸ್ತಿ ಬಂತು. ಗೋಡೆಗೆ ತೂಗುಹಾಕುವ ಕ್ವಿಲ್ಟಿಗೆ ಎಷ್ಟು ಒತ್ತು ಹೊಲಿಗೆಯಾದರೂ ಸರಿ. ನಾವು ಕೌದಿ ಮಾಡುವುದು ಆರಿದ್ರಾ ಮಳೆಯಲ್ಲಿ ಹೊದ್ದು ಮಲಗಲಿಕ್ಕೆ. ಫೋಟೋದಲ್ಲಿ ಹೊಲಿಗೆ ಎದ್ದು ಕಾಣಲಿ ಅನ್ನುವ ಆಸೆ ನಮ್ಮ ಕೈಗಳನ್ನು ಎಲ್ಲಿಗೆ ಒಯ್ಯುತ್ತಿದೆ ಅಂತ ನನಗೆ ನಿಜವಾಗಿ ಹೆದರಿಕೆ. ನಿನ್ನೊಬ್ಬನಿಗೇ ಹೇಳಬೇಕಿತ್ತು, ಬರೆದಾಯಿತು, ಅಳಿಸುವುದಿಲ್ಲ.

ಆದ್ದರಿಂದ ಹೀಗೆ ಮಾಡು. ಸೀರೆಯನ್ನು ಬೆಳಕಿಗೆ ಹಿಡಿದು ನೋಡು. ನೆರಿಗೆ ಬೀಳುವ ಭಾಗ, ಕೂತು ಸವೆದ ಭಾಗ ಜಾಲರಿಯಂತೆ ಕಾಣುತ್ತದೆ. ಸೊಂಟಕ್ಕೆ ಸಿಕ್ಕಿಸುವ ಒಳತುದಿ ಸಾಮಾನ್ಯವಾಗಿ ಗಟ್ಟಿ ಇರುತ್ತದೆ. ಎರಡು ಹೆಬ್ಬೆರಳಿಂದ ಅಡ್ಡಕ್ಕೂ ಉದ್ದಕ್ಕೂ ಜಗ್ಗು. ಪಿಸಿಯುವ ಭಾಗವನ್ನು ಮೇಲೆ ಹಾಕಬೇಡ, ಒಳಪದರಕ್ಕೆ ಹಾಕು, ಅಲ್ಲಿ ಅದು ಮೆತ್ತಗೆ ಕೂರುತ್ತದೆ. ಜರಿ ಇರುವ ರೇಷ್ಮೆಯನ್ನು ತರಲೇಬೇಡ. ಮೇಲಿನ ಸೀರೆ ತೆಳುವಿದ್ದರೆ 11 ನಂಬರ್ ಸೂಜಿ, ದಪ್ಪವಿದ್ದರೆ 14. ದಾರ 50 ನಂಬರಿನ ಹತ್ತಿಯದು. ಗೆರೆಗಳ ನಡುವೆ ಎರಡು ಮೂರು ಇಂಚು ಬಿಟ್ಟು ಅಲೆಯಂತೆ ಸುಮ್ಮನೆ ಹೋಗು. ಅಂಚಿನ ನಾಲ್ಕಿಂಚು ಮಿಷನ್ನಿಗೆ ಕೊಡಬೇಡ, ಅಮ್ಮನ ಕೈಗೆ ಕೊಡು. ಅವರು ಮೂಲೆ ತಿರುಗಿಸುವ ರೀತಿಯನ್ನು ಪಕ್ಕದಲ್ಲಿ ಕೂತು ಕಲಿ, ಅದು ನನಗೂ ಬೇಕು.

ದೀಪಾವಳಿಗೆ ಬರುತ್ತೇನೆ. ಅಪ್ಪೆಮಿಡಿ ಭರಣಿಯನ್ನು ಅತ್ತಿಗೆಯ ಸುಪರ್ದಿಗೇ ಬಿಡು, ನಿನ್ನ ಮೇಲೆ ಆ ವಿಷಯದಲ್ಲಿ ಯಾರಿಗೂ ಭರವಸೆಯಿಲ್ಲ. ಅಷ್ಟರೊಳಗೆ ಒಂದಡಿ ಅಗಲದ ಹೊಸ ಮಾದರಿ ಹೊಲಿದು ಫೋಟೋ ಕಳಿಸು, ಹಿಂಬದಿಯದು.

ನಿನ್ನ,
ತೀರ್ಥಹಳ್ಳಿಯಿಂದ