ಚೀಟಿಯ ಹಿಂದೆ ಚಿತ್ರ ಬರೆದುಕೊಟ್ಟ ಅಕ್ಕನಿಗೆ

ಊರು ಬಿಟ್ಟು ದುಡಿಯಲು ಬಂದವನು ನಾನು. ಕೆಲಸದಲ್ಲಿ ಬಿದ್ದು ಮಣಿಕಟ್ಟು ಮುರಿಯಿತು. 6 ವಾರಕ್ಕೆ ಪ್ಲಾಸ್ಟರ್ ತೆಗೆದರು. ಅಲ್ಲಿಗೆ ಮುಗೀತು ಅಂದುಕೊಂಡರೆ ಬೆರಳು ಮಡಚಲೇ ಇಲ್ಲ. ಫಿಸಿಯೋಥೆರಪಿಗೆ ಬಾ ಅಂದರು. ಹೋದ ದಿನ ಕೂಲಿ ಇಲ್ಲ, ಅಲ್ಲಿನವರ ಮಾತೂ ತಿಳಿಯದು. ಸುಮ್ನೆ ಯಾಕೆ ಅಂತ ಎದ್ದು ಹೊರಟಿದ್ದೆ.

ಸಾಲಿನಲ್ಲಿ ಹಿಂದೆ ಕೂತಿದ್ದ ನೀವು ನನ್ನದೇ ಮಾತಿನಲ್ಲಿ ತಡೆದಿರಿ. ಒಳಗೂ ಜೊತೆಗೆ ಬಂದಿರಿ. ಚೀಟಿಯ ಹಿಂದೆ ಕೈಯ ಚಿತ್ರ ಬರೆದು ತೋರಿಸಿದಿರಿ: ಸುತ್ತಿದ ಬಟ್ಟೆಯನ್ನು ಹಿಂಡುವುದು, ಬಿಡುವುದು, 10 ಸಲ. ರಜೆಯ ದಿನ ಬರಲಿ, ಉಳಿದದ್ದು ಕೋಣೆಯಲ್ಲೇ ಮಾಡಲಿ ಅಂತ ಅವರನ್ನು ಒಪ್ಪಿಸಿದಿರಿ. ಹಾಗೂ ಮಾಡಬಹುದು ಅಂತ ನನಗೆ ಗೊತ್ತೇ ಇರಲಿಲ್ಲ!

ಚೀಟಿ ಮಡಚಿ ಮಡಚಿ ಹರಿದಿದೆ. ನಿನ್ನೆ ಆ ಕೈಯಲ್ಲೇ ತುಂಬಿದ ಬಕೆಟ್ ಎತ್ತಿದೆ. ಹೆಸರು ಕೇಳುವುದನ್ನೇ ಮರೆತೆ. ತುಂಬಾ ಥ್ಯಾಂಕ್ಸ್ ಅಕ್ಕಾ.