ಗೆಳೆಯನಿಗೊಂದು ಪತ್ರ: ರಾತ್ರಿ ಹತ್ತರ ಮೇಲಿನ ಚರ್ಚು

ಪ್ರಿಯ ಗೆಳೆಯ,

ನಿನ್ನ ಕಾಗದ ಓದಿದೆ. ಹುಡುಗರ ಗುಂಪುಗಳ ಹೊಡೆದಾಟ ಕೈಮೀರುತ್ತಿದೆ, ಅದಕ್ಕೆ ಚರ್ಚಿನ ಕಮಿಟಿಯವರು ಮೇಣದಬತ್ತಿ ಮೆರವಣಿಗೆ, ಒಂದು ದಿನದ ಉಪವಾಸ ಪ್ರಾರ್ಥನೆ, ಗಣ್ಯರನ್ನು ಕೂರಿಸಿ ಒಂದು ಶಾಂತಿ ಸಭೆ ಮಾಡೋಣ ಅಂತಿದ್ದಾರೆ ಎಂದು ಬರೆದಿದ್ದೀಯ. ಪ್ರಾರ್ಥನೆ ಖಂಡಿತ ಆಗಲಿ. ಆದರೆ ಆ ಮೆರವಣಿಗೆಯಲ್ಲಿ ಸೊಂಟಕ್ಕೆ ಚಾಕು ಸಿಕ್ಕಿಸಿಕೊಂಡವನು ಒಬ್ಬನೂ ಇರುವುದಿಲ್ಲ. ಬಂದವರೆಲ್ಲ ಯಾರ ತಂಟೆಗೂ ಹೋಗದವರೇ ಆಗಿರುತ್ತಾರೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಅಮೆರಿಕದ ಬೋಸ್ಟನ್ ನಗರದ ವಿಷಯ ಮೊದಲು ಹೇಳುತ್ತೇನೆ. 1990ರಲ್ಲಿ ಅಲ್ಲಿ 152 ಕೊಲೆಗಳಾದವು. 1992ರ ಮೇ ತಿಂಗಳಲ್ಲಿ ಮಾರ್ನಿಂಗ್ ಸ್ಟಾರ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ, ಗುಂಡೇಟಿಗೆ ಸತ್ತ ಯುವಕನೊಬ್ಬನ ಶವಸಂಸ್ಕಾರದ ಆರಾಧನೆ ನಡೆಯುತ್ತಿದ್ದಾಗಲೇ ಒಂದು ಗುಂಪು ಒಳಗೆ ನುಗ್ಗಿ, ಬಂದವರ ಕಣ್ಣೆದುರೇ ಇನ್ನೊಬ್ಬ ಹುಡುಗನನ್ನು ಚುಚ್ಚಿತು. ಬೀದಿಯ ಜಗಳ ಬೀದಿಯಲ್ಲೇ ಇರುತ್ತದೆ, ಚರ್ಚಿನ ಬಾಗಿಲಿಗೆ ಬರುವುದಿಲ್ಲ ಎಂಬ ಧೈರ್ಯ ಅಂದಿಗೆ ಮುಗಿಯಿತು. ಯೂಜೀನ್ ರಿವರ್ಸ್, ರೇ ಹ್ಯಾಮಂಡ್, ಜೆಫ್ರಿ ಬ್ರೌನ್ ಮೊದಲಾದ ಪಾಸ್ಟರುಗಳು ಸೇರಿ ಟೆನ್ ಪಾಯಿಂಟ್ ಕೋಯಲಿಷನ್ ಎಂಬ ಒಕ್ಕೂಟ ಕಟ್ಟಿದ್ದು ಇದರ ಮೇಲೆಯೇ. ರಿವರ್ಸ್ ಅವರಿಗೆ ಮಾದಕ ವಸ್ತು ಮಾರುವವನೊಬ್ಬ ಹೇಳಿದ ಮಾತೊಂದಿದೆ. ಹುಡುಗ ಶಾಲೆಗೆ ಹೋಗುವಾಗ, ಬರುವಾಗ, ಅಮ್ಮನಿಗೆ ಬ್ರೆಡ್ ತರಲು ಹೊರಟಾಗ ನಾನು ಅಲ್ಲಿರುತ್ತೇನೆ, ನೀವು ಇರುವುದಿಲ್ಲ, ಹಾಗಾಗಿ ಗೆಲ್ಲುವವನು ನಾನು ಎಂಬುದು ಅದರ ಸಾರ. ಈ ವಿಷಯದಲ್ಲಿ ಇಷ್ಟು ಸರಿಯಾದ ಮಾತನ್ನು ಬೇರೆ ಯಾರೂ ಹೇಳಿದ್ದಿಲ್ಲ ಎಂದೇ ನನ್ನ ನಂಬಿಕೆ.

ಪಾಸ್ಟರುಗಳು ರಾತ್ರಿ ಬೀದಿಗಿಳಿದರು. ಶುಕ್ರವಾರ ರಾತ್ರಿ ಹತ್ತರಿಂದ ಎರಡರವರೆಗೆ ನಡೆದರು. ಮೊದಮೊದಲು ಹುಡುಗರು ಮಾತೇ ಆಡಲಿಲ್ಲ, ದೂರದಿಂದ ನೋಡುತ್ತಿದ್ದರು. ಇವರು ಫೋಟೋಗೆ ಬಂದವರೋ, ಪೊಲೀಸರ ಕಡೆಯವರೋ, ಮುಂದಿನ ವಾರವೂ ಬರುವವರೋ ಎಂದು ಅಳೆಯುತ್ತಿದ್ದರು. ಬಂದದ್ದನ್ನು ಕಂಡ ಮೇಲೆ ಬಾಯಿ ಬಿಟ್ಟರು.

ಇಲ್ಲಿ ಒಂದು ಲೆಕ್ಕ ಗಮನಿಸು. ಸಂಶೋಧಕರು ಬೋಸ್ಟನ್ನಿನ ಗುಂಪುಗಳನ್ನು ಎಣಿಸಿದಾಗ ಸಿಕ್ಕಿದ್ದು 61 ಗುಂಪು, ಸುಮಾರು 1,300 ಸದಸ್ಯರು. ನಗರದ ಆ ವಯಸ್ಸಿನವರಲ್ಲಿ ಇದು ಶೇಕಡಾ ಒಂದಕ್ಕಿಂತ ಕಡಿಮೆ. ಆದರೂ ಯುವಕರ ಕೊಲೆಗಳಲ್ಲಿ ಕನಿಷ್ಠ ಶೇಕಡಾ 60ರಷ್ಟರ ಹಿಂದೆ ಇವರೇ ಇದ್ದರು. ಅಂದಮೇಲೆ ಊರಿನ ಯುವಕರಿಗೆಲ್ಲ ನೀತಿಪಾಠ ಹೇಳಿ ದಣಿಯಬೇಕಾಗಿಲ್ಲ. ಬೇಕಾದದ್ದು ಆ ಕೆಲವೇ ಜನರ ಹತ್ತಿರ ಹೋಗುವ ದಾರಿ. ನೀವೂ ಮೊದಲು ಒಂದು ನಕ್ಷೆ ಬರೆಯಿರಿ: ಯಾವ ಮೂಲೆ, ಯಾವ ಹೊತ್ತು, ಯಾವ ಗುಂಪಿಗೆ ಯಾವ ಗುಂಪಿನ ಮೇಲೆ ಹಗೆ, ಅದು ಶುರುವಾದದ್ದು ಎಲ್ಲಿಂದ. ರಾತ್ರಿ ತಡವಾಗಿ ಅಂಗಡಿ ಮುಚ್ಚುವವರಿಗೆ, ಶಾಲೆಯ ಮೇಷ್ಟ್ರುಗಳಿಗೆ, ಆ ಹುಡುಗರ ತಾಯಂದಿರಿಗೆ ಇದೆಲ್ಲ ಗೊತ್ತಿರುತ್ತದೆ. ಹುಡುಗರ ಹೆಸರು ಮಾತ್ರ ಕಾಗದದ ಮೇಲೆ ಬೇಡ. ಒಂದು ಪಟ್ಟಿ ಕೈತಪ್ಪಿ ಹೊರಗೆ ಹೋದರೆ ನಿಮ್ಮನ್ನು ಮತ್ತೆ ಯಾರೂ ನಂಬುವುದಿಲ್ಲ.

ನಡೆಯುವ ತಂಡ ಮೂರು ಅಥವಾ ನಾಲ್ಕು ಜನರದ್ದಿರಲಿ. ಅದಕ್ಕಿಂತ ಹೆಚ್ಚಾದರೆ ದಂಡೆತ್ತಿ ಬಂದ ಹಾಗೆ ಕಾಣುತ್ತದೆ, ಇಬ್ಬರೇ ಆದರೆ ಒಬ್ಬರಿಗೆ ಏಟಾದಾಗ ಇನ್ನೊಬ್ಬರಿಗೆ ಕೈಕಟ್ಟಿದಂತಾಗುತ್ತದೆ. ತಂಡದಲ್ಲಿ ಹೆಂಗಸರಿರಲಿ. ವಯಸ್ಸಾದ ತಾಯಿಯೊಬ್ಬಳು ಎದುರಿಗೆ ನಿಂತರೆ ಎಷ್ಟೋ ಹುಡುಗರು ಎತ್ತಿದ ಕೈ ಇಳಿಸುತ್ತಾರೆ. ದೂರದಿಂದಲೇ ಗುರುತು ಸಿಗುವ ಒಂದೇ ಬಣ್ಣದ ಜಾಕೆಟ್ ಹಾಕಿಕೊಳ್ಳಿ. ಅದೇ ದಿನ, ಅದೇ ಹೊತ್ತು, ಅದೇ ದಾರಿ. ಮಳೆ ಬಂದರೂ ತಪ್ಪಿಸಬೇಡಿ. ಕೈಯಲ್ಲಿ ಸುವಾರ್ತೆಯ ಕರಪತ್ರ ಬೇಡ. ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ 2003ರಲ್ಲಿ ಶುರುವಾದ ಸ್ಟ್ರೀಟ್ ಪಾಸ್ಟರ್ಸ್ ತಂಡದವರು ನೀರಿನ ಬಾಟಲಿ, ಚಳಿಗೆ ತೆಳು ಹೊದಿಕೆ, ಬರಿಗಾಲಲ್ಲಿ ಒಡೆದ ಗಾಜಿನ ಮೇಲೆ ನಡೆಯುತ್ತಿರುವವರಿಗೆ ಒಂದು ಜೊತೆ ಚಪ್ಪಲಿ ಕೊಡುತ್ತಾರೆ. ಚಪ್ಪಲಿ ಕೊಟ್ಟವರೊಡನೆ ಮಾತು ತಾನಾಗಿ ಶುರುವಾಗುತ್ತದೆ. ಹೊಡೆದಾಟ ಶುರುವಾಗಿಬಿಟ್ಟಿದ್ದರೆ ನಡುವೆ ನುಗ್ಗಬಾರದು. ಸುತ್ತ ನಿಂತು ಹುರಿದುಂಬಿಸುವವರನ್ನು ದೂರ ಕರೆದೊಯ್ದರೆ ಜಗಳದ ಅರ್ಧ ಬಲ ಇಳಿಯುತ್ತದೆ. ಆಯುಧ ಕಂಡರೆ ಹಿಂದೆ ಸರಿದು ಪೊಲೀಸರಿಗೆ ಫೋನ್ ಮಾಡುವುದೊಂದೇ ದಾರಿ.

ಪೊಲೀಸರ ವಿಷಯವೇ ಎಲ್ಲಕ್ಕಿಂತ ಸೂಕ್ಷ್ಮ. ನೀವು ನಡೆಯುವ ಸಮಯ ಠಾಣೆಗೆ ಮೊದಲೇ ಗೊತ್ತಿರಬೇಕು, ಆದರೆ ಪೊಲೀಸರ ಜೊತೆ ನಡೆಯಬಾರದು. ಏನನ್ನು ಮುಚ್ಚಿಡುತ್ತೀರಿ, ಏನನ್ನು ಮುಚ್ಚಿಡುವುದಿಲ್ಲ ಎಂಬುದನ್ನು ಹುಡುಗರಿಗೂ ಪೊಲೀಸರಿಗೂ ಒಂದೇ ಮಾತಿನಲ್ಲಿ ಮೊದಲ ದಿನವೇ ಹೇಳಿಬಿಡಿ: ಯಾರದೇ ಜೀವಕ್ಕೆ ಅಪಾಯವಿದ್ದರೆ, ಮಗುವಿಗೆ ಹಾನಿಯಾಗುತ್ತಿದ್ದರೆ ಸುಮ್ಮನಿರುವುದಿಲ್ಲ, ಅದು ಬಿಟ್ಟು ಮನೆಯ ಕಷ್ಟ, ಸಾಲ, ಭಯದ ಮಾತು ನಮ್ಮಲ್ಲೇ ಉಳಿಯುತ್ತದೆ. ಬೋಸ್ಟನ್ನಿನಲ್ಲಿ 1996ರಲ್ಲಿ, ಗುಂಪುಗಳ ಗುಂಡಿನ ಕಾಳಗ ನಿಲ್ಲಿಸುವ ಆಪರೇಷನ್ ಸೀಸ್‌ಫೈರ್ ಎಂಬ ಕಾರ್ಯಕ್ರಮ ಶುರುವಾದಾಗ ಗುಂಪಿನ ಹುಡುಗರನ್ನು ಒಂದು ಕಡೆ ಕೂರಿಸಿ ಎದುರುಬದುರು ಮಾತಾಡಿದರು. ಪೊಲೀಸರು, ಸರ್ಕಾರಿ ವಕೀಲರು, ಜೈಲಿಗೆ ಹೋಗದೆ ಹೊರಗಿರುವ ಅಪರಾಧಿಗಳ ಮೇಲೆ ನಿಗಾ ಇಡುವ ಪ್ರೊಬೇಷನ್ ಅಧಿಕಾರಿಗಳ ಜೊತೆಗೆ ಪಾಸ್ಟರುಗಳೂ ಇದ್ದರು. ಒಬ್ಬ ಗುಂಡು ಹಾರಿಸಿದರೆ ಇಡೀ ಗುಂಪಿನ ಮೇಲೆ ಕಣ್ಣಿಡುತ್ತೇವೆ ಎಂದು ಪೊಲೀಸರು ಹೇಳಿದರೆ, ಬಿಟ್ಟು ಬಂದವನ ಜೊತೆ ನಾವಿರುತ್ತೇವೆ ಎಂಬ ಮಾತು ಪಾಸ್ಟರುಗಳದ್ದು. ಎರಡೂ ಒಟ್ಟಿಗೆ ಕೇಳಿದ್ದರಿಂದ ಎರಡಕ್ಕೂ ತೂಕ ಬಂತು. ಪೊಲೀಸರು ಅತಿರೇಕ ಮಾಡಿದಾಗ ಅವರ ವಿರುದ್ಧ ಮಾತಾಡಬಲ್ಲವರು ಎಂಬ ಹೆಸರು ಪಾಸ್ಟರುಗಳಿಗೆ ಇದ್ದದ್ದರಿಂದಲೇ ಜನ ಇದನ್ನು ಒಪ್ಪಿದರು.

1999ರಲ್ಲಿ ಕೊಲೆಗಳು 31ಕ್ಕೆ ಇಳಿದಿದ್ದವು. ಇದೆಲ್ಲ ಚರ್ಚಿನ ಸಾಧನೆ ಎಂದು ಮಾತ್ರ ಯಾರಿಗೂ ಹೇಳಬೇಡ. ಆ ವರ್ಷಗಳಲ್ಲಿ ಅಮೆರಿಕದಾದ್ಯಂತ ಅಪರಾಧ ಇಳಿಯುತ್ತಿತ್ತು, ಪೊಲೀಸರ ಕೆಲಸವೂ ಬದಲಾಗಿತ್ತು. ಮುಂದಿನದ್ದನ್ನೂ ಹೇಳಬೇಕು: ಹೆಸರು ಬಂತು, ಒಗ್ಗಟ್ಟು ಸಡಿಲಿತು, ಕೆಲಸ ತೆಳುವಾಯಿತು. 2005ರ ಹೊತ್ತಿಗೆ ಕೊಲೆಗಳ ಸಂಖ್ಯೆ 1999ರ ದುಪ್ಪಟ್ಟನ್ನು ದಾಟಿತ್ತು. ಹೊಸ ಹುಡುಗರಿಗೆ ಹಳೆಯ ಪಾಸ್ಟರುಗಳ ಪರಿಚಯವಿರುವುದಿಲ್ಲ. ಪ್ರತಿ ಕೆಲವು ವರ್ಷಕ್ಕೊಮ್ಮೆ ಮೊದಲ ಶುಕ್ರವಾರದಿಂದಲೇ ಮತ್ತೆ ಶುರು ಮಾಡಬೇಕಾದ ಕೆಲಸ ಇದು.

ಒಬ್ಬ ಹುಡುಗನಿಗೆ ಚಾಕು ಬಿದ್ದ ಮೇಲಿನ ಎರಡು ಮೂರು ದಿನ ಬಹಳ ಮುಖ್ಯ. ಸೇಡಿನ ಮಾತು ಆಸ್ಪತ್ರೆಯ ವರಾಂಡದಲ್ಲೇ ಹುಟ್ಟುತ್ತದೆ. ಇಬ್ಬರು ಆಸ್ಪತ್ರೆಯಲ್ಲಿ ಮನೆಯವರ ಜೊತೆ, ಇಬ್ಬರು ಅವನ ಗೆಳೆಯರ ಜೊತೆ ಇರಬೇಕು. ಶವಸಂಸ್ಕಾರವಾದರೆ ಸಮಯ, ದಾರಿ, ಯಾರು ಎಲ್ಲಿ ಕೂರಬೇಕು ಎಂಬುದನ್ನು ಮನೆಯವರ ಜೊತೆ ಹಿಂದಿನ ದಿನವೇ ಗೊತ್ತುಮಾಡಿ, ಬಾಗಿಲಲ್ಲಿ ಎರಡೂ ಗುಂಪಿನ ಮುಖಗಳನ್ನು ಬಲ್ಲವರನ್ನು ನಿಲ್ಲಿಸಿ.

ಇನ್ನು ರಾಜಿಯ ವಿಷಯ. ಕೆನಡಾದ ಎಲ್ಮಿರಾದಲ್ಲಿ 1974ರಲ್ಲಿ ಇಬ್ಬರು ಹುಡುಗರು ಕುಡಿದು ಒಂದೇ ರಾತ್ರಿ 22 ಕಡೆ ಮನೆ, ವಾಹನ, ಆಸ್ತಿ ಹಾಳುಮಾಡಿದರು. ಮೆನೊನೈಟ್ ಎಂಬ ಶಾಂತಿವಾದಿ ಕ್ರೈಸ್ತ ಪಂಗಡದ ಮಾರ್ಕ್ ಯಾಂಟ್ಸಿ ಎಂಬ ಪ್ರೊಬೇಷನ್ ಅಧಿಕಾರಿ, ಇವರು ನಷ್ಟವಾದವರನ್ನು ಮುಖತಃ ಭೇಟಿಯಾಗಲಿ ಎಂದು ನ್ಯಾಯಾಧೀಶರಿಗೆ ಸೂಚಿಸಿದರು. ನ್ಯಾಯಾಧೀಶರು ಒಪ್ಪಿದರು. ಹುಡುಗರು ಬಾಗಿಲಿಂದ ಬಾಗಿಲಿಗೆ ಹೋಗಿ, ತಟ್ಟಿ, ನಾವೇ ಮಾಡಿದ್ದು ಎಂದರು. ಕೆಲವು ತಿಂಗಳಲ್ಲಿ ಪರಿಹಾರದ ಹಣ ಕಟ್ಟಿದರು. ಈಗ ಜಗತ್ತಿನಾದ್ಯಂತ ನಡೆಯುವ ಅಪರಾಧಿ–ಸಂತ್ರಸ್ತರ ಮುಖಾಮುಖಿಯ ಮೂಲಗಳಲ್ಲಿ ಇದೊಂದು.

ಇದನ್ನು ಮಾಡಲು ಹೊರಟವರು ಎಡವುವುದು ಅವಸರದಲ್ಲಿ. ಮೊದಲು ಇಬ್ಬರನ್ನೂ ಬೇರೆಬೇರೆಯಾಗಿ ಕಾಣಬೇಕು, ಬೇಕಾದರೆ ಎರಡು ಮೂರು ಸಲ. ತಪ್ಪು ಮಾಡಿದವನು ಒಪ್ಪಿಕೊಂಡಿರಬೇಕು. ನಂದೇನೂ ಇಲ್ಲ, ಅವರೇ ಕೆಣಕಿದ್ದು ಅಂತಿದ್ದರೆ ಭೇಟಿ ಬೇಡ, ಅದು ನೊಂದವರಿಗೆ ಎರಡನೇ ಏಟಾಗುತ್ತದೆ. ನೊಂದವರಿಗೆ ಯಾವ ಕ್ಷಣದಲ್ಲೂ ಎದ್ದು ಹೋಗುವ ಹಕ್ಕಿದೆ ಎಂದು ಮೊದಲೇ ಹೇಳಿ, ಬಾಗಿಲ ಹತ್ತಿರದ ಕುರ್ಚಿ ಅವರಿಗೇ ಬಿಡಿ. ಯಾರು ಮೊದಲು ಮಾತಾಡಬೇಕೆಂದು ಅವರನ್ನೇ ಕೇಳಿ. ಕೊನೆಯಲ್ಲಿ ಒಪ್ಪಂದ ಬರಹದಲ್ಲಿರಲಿ: ಎಷ್ಟು ಹಣ, ಎಷ್ಟು ಕಂತು, ಯಾವ ತಾರೀಕು, ತಪ್ಪಿದರೆ ಯಾರು ವಿಚಾರಿಸುತ್ತಾರೆ. ಈ ಕೊನೆಯ ಸಾಲು ಬರೆಯಲು ಮರೆತೇ ಎಷ್ಟೋ ಒಪ್ಪಂದಗಳು ಮುರಿಯುತ್ತವೆ. ಗಂಡ ಹೆಂಡತಿಯನ್ನು ಹೊಡೆಯುವ ಪ್ರಕರಣಗಳಲ್ಲಿ ಇಂಥ ರಾಜಿಗೆ ಕೈಹಾಕಲೇಬೇಡಿ. ಭಯದಲ್ಲಿ ಬದುಕುವವಳು ಒಪ್ಪಿದೆ ಎಂದರೆ ಅದು ಒಪ್ಪಿಗೆಯಲ್ಲ.

ಕ್ಷಮೆಯ ಬಗ್ಗೆ ನಮ್ಮ ಚರ್ಚುಗಳವರಿಗೆ ಒಂದು ಆತುರವಿದೆ. ನೊಂದವಳನ್ನು ಎಲ್ಲರೆದುರು ನಿಲ್ಲಿಸಿ, ಯೇಸು ಕ್ಷಮಿಸಲಿಲ್ಲವೇ, ನೀನೂ ಕ್ಷಮಿಸು ಎಂದು ಹೇಳುವುದು ಕ್ರೌರ್ಯ. ಕ್ಷಮೆ ಅವಳದ್ದು. ಕೊಡುವುದು, ಕೊಡದಿರುವುದು, ಹತ್ತು ವರ್ಷ ತಡೆದು ಕೊಡುವುದು ಎಲ್ಲ ಅವಳ ಇಷ್ಟ. ಇದಕ್ಕಿಂತ ಕೆಟ್ಟದ್ದು, ನಮ್ಮವನೇ ತಪ್ಪು ಮಾಡಿದಾಗ ಚರ್ಚಿನ ಮಾನ ಉಳಿಯಲಿ ಎಂದು ನಾಲ್ಕು ಗೋಡೆಯೊಳಗೆ ಇತ್ಯರ್ಥ ಮಾಡುವುದು. ಮಗುವಿನ ಮೇಲೆ ಕೈ ಹಾಕಿದ ಮಾತು ಕಿವಿಗೆ ಬಿದ್ದರೆ ಅಂದೇ ಪೊಲೀಸರಿಗೆ ತಿಳಿಸಬೇಕು. ನೀವೇ ವಿಚಾರಣೆ ಮಾಡುವುದು, ಪಂಚಾಯಿತಿ ಕೂಡುವುದು, ಆ ಮನುಷ್ಯನನ್ನು ಬೇರೆ ಊರಿಗೆ ವರ್ಗ ಮಾಡುವುದು ಮುಂದಿನ ಮಗುವನ್ನು ಅವನ ಕೈಗೆ ಒಪ್ಪಿಸಿದ ಹಾಗೆ. ಇದನ್ನು ಪಾಲಿಸದ ಚರ್ಚಿಗೆ ಬೀದಿಯ ಹುಡುಗರ ಮುಂದೆ ನ್ಯಾಯ ಹೇಳುವ ಯೋಗ್ಯತೆ ಇಲ್ಲ.

ಜೈಲಿನಿಂದ ಬಿಡುಗಡೆಯಾದವರ ಬಗ್ಗೆ ಕೇಳಿದ್ದೆ. ಕೆನಡಾದ ಹ್ಯಾಮಿಲ್ಟನ್‌ನಲ್ಲಿ 1994ರಲ್ಲಿ, ಯಾರಿಗೂ ಬೇಡವಾದ ಒಬ್ಬ ಲೈಂಗಿಕ ಅಪರಾಧಿಯ ಸುತ್ತ ಹ್ಯಾರಿ ನೈ ಎಂಬ ಮೆನೊನೈಟ್ ಪಾಸ್ಟರ್ ಒಂದು ಬಳಗ ಕಟ್ಟಿದರು. ಅದು ಬೆಳೆದ ರೀತಿ ಹೀಗೆ: ಒಬ್ಬನಿಗೆ ನಾಲ್ಕರಿಂದ ಆರು ಸ್ವಯಂಸೇವಕರು, ಮೊದಲ ವಾರಗಳಲ್ಲಿ ದಿನವೂ ಯಾರಾದರೊಬ್ಬರ ಸಂಪರ್ಕ, ವಾರಕ್ಕೊಮ್ಮೆ ಎಲ್ಲರೂ ಕೂತು ಮಾತು. ಅವರ ಹಿಂದೆ ಮನಶ್ಶಾಸ್ತ್ರಜ್ಞರು, ಪೊಲೀಸರು. ಅವನು ಸುಳ್ಳು ಹೇಳಿದರೆ ಮುಖಕ್ಕೇ ಕೇಳುತ್ತಾರೆ. ತರಬೇತಿ ಇಲ್ಲದೆ ನೀವು ಇದಕ್ಕೆ ಇಳಿಯಬೇಡಿ.

ದೊಡ್ಡ ಮಟ್ಟದ ಶಾಂತಿ ಮಾತುಕತೆಯಲ್ಲೂ, ಎರಡೂ ಕಡೆಯವರು ನಂಬುವವರು ನಡುವೆ ನಿಲ್ಲುವ ಈ ಗುಣವೇ ಕೆಲಸ ಮಾಡಿದ್ದನ್ನು ನೋಡಬಹುದು. 1964ರಲ್ಲಿ, ಭಾರತ ಸರ್ಕಾರಕ್ಕೂ ನಾಗಾ ಬಂಡುಕೋರರಿಗೂ ನಡೆಯುತ್ತಿದ್ದ ಕಾದಾಟ ನಿಲ್ಲಿಸಲು ನಾಗಾಲ್ಯಾಂಡಿನ ಬ್ಯಾಪ್ಟಿಸ್ಟ್ ಚರ್ಚುಗಳು ಶಾಂತಿ ನಿಯೋಗವೊಂದನ್ನು ರಚಿಸಲು ಮುಂದಾದಾಗ ಆರಿಸಿದ ಮೂವರನ್ನು ನೋಡು: ಜಯಪ್ರಕಾಶ ನಾರಾಯಣ, ಅಸ್ಸಾಮಿನ ಮುಖ್ಯಮಂತ್ರಿ ಬಿಮಲಾ ಪ್ರಸಾದ್ ಚಾಲಿಹಾ, ನಾಗಾ ನಾಯಕರಿಗೆ ಆಪ್ತರಾಗಿದ್ದ ಪಾದ್ರಿ ಮೈಕೆಲ್ ಸ್ಕಾಟ್. ಒಬ್ಬರನ್ನು ಒಂದು ಕಡೆ ನಂಬುತ್ತಿದ್ದರೆ ಇನ್ನೊಬ್ಬರನ್ನು ಇನ್ನೊಂದು ಕಡೆ. ಸೆಪ್ಟೆಂಬರ್ 6ರಂದು ಕದನವಿರಾಮ ಜಾರಿಗೆ ಬಂತು. 1966ರಲ್ಲಿ ಸ್ಕಾಟ್ ಅವರನ್ನು ಭಾರತದಿಂದ ಹೊರಗೆ ಕಳಿಸಲಾಯಿತು ಎಂಬುದನ್ನೂ ನೆನಪಿಡು. ನಡುವೆ ನಿಂತವರಿಗೆ ಇಂಥದ್ದು ತಪ್ಪಿದ್ದಲ್ಲ.

ಮೊಜಾಂಬಿಕ್‌ನ ಅಂತರ್ಯುದ್ಧ ನಿಂತದ್ದು 1992ರ ಅಕ್ಟೋಬರ್ 4ರಂದು ರೋಮಿನಲ್ಲಿ ಆದ ಒಪ್ಪಂದದಿಂದ. ಸೈನ್ಯವಾಗಲಿ ಅಧಿಕಾರವಾಗಲಿ ಇಲ್ಲದ ಸಾಂತ್ ಎಜಿದಿಯೊ ಎಂಬ ಕ್ಯಾಥೊಲಿಕ್ ಬಳಗ ಎರಡು ವರ್ಷಕ್ಕೂ ಮೀರಿ ಸರ್ಕಾರ, ಬಂಡುಕೋರರು ಎರಡೂ ಪಕ್ಷಗಳನ್ನು ತನ್ನಲ್ಲಿ ಕೂರಿಸಿಕೊಂಡು ಮಾತಾಡಿಸಿತು. ಸಹಿ ಆದರೂ ಬಂದೂಕುಗಳು ಜನರ ಬಳಿಯೇ ಉಳಿದಿದ್ದವು. 1995ರಲ್ಲಿ ಬಿಷಪ್ ದಿನಿಸ್ ಸೆಂಗುಲಾನೆ ಅವರ ಮುಂದಾಳತ್ವದಲ್ಲಿ ಅಲ್ಲಿನ ಕ್ರೈಸ್ತ ಮಂಡಳಿ, ಬಂದೂಕು ತಂದವರಿಗೆ ಹೊಲಿಗೆ ಯಂತ್ರ, ಸೈಕಲ್, ಗುದ್ದಲಿ, ಮನೆ ಕಟ್ಟುವ ಸಾಮಾನು ಕೊಡತೊಡಗಿತು. ಬಂದೂಕಿನ ಬದಲು ದುಡಿಯುವ ಸಾಧನವೇ ಕೈಗೆ ಬರುತ್ತಿತ್ತು. ಬಂದ ಆಯುಧಗಳನ್ನು ಕತ್ತರಿಸಿ ಹಾಕುತ್ತಿದ್ದರು, ಮತ್ತೆ ಯಾರ ಕೈಗೂ ಹೋಗದ ಹಾಗೆ. ಆ ತುಂಡುಗಳಿಂದ ಕೆಸ್ಟರ್ ಎಂಬ ಕಲಾವಿದ 2001ರಲ್ಲಿ ಒಂದು ಕುರ್ಚಿ ಮಾಡಿದ, ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಬೆನ್ನಿಗೆ ಎರಡು ಹಳೆಯ ಬಂದೂಕುಗಳ ಹಿಡಿಗಳು ಮೇಲ್ಮುಖವಾಗಿ ನಿಂತಿವೆ. ಹಿಡಿಯ ತುದಿಯಲ್ಲಿ ಎರಡು ಸ್ಕ್ರೂ ತೂತು, ಕೆಳಗೆ ಪಟ್ಟಿ ಪೋಣಿಸುವ ಸೀಳು. ನೋಡಿದರೆ ಎರಡು ಕಣ್ಣು, ಒಂದು ಬಾಯಿ ಇದ್ದ ಹಾಗೆ, ನಗುವ ಮುಖದಂತೆ ಕಾಣುತ್ತದೆ.

ರುವಾಂಡಾವನ್ನು ಬಿಟ್ಟು ಇದನ್ನು ಮುಗಿಸುವುದು ಪ್ರಾಮಾಣಿಕವಲ್ಲ. 1994ರ ಜನಾಂಗಹತ್ಯೆಯಲ್ಲಿ, ಚರ್ಚೇ ಕಾಪಾಡುತ್ತದೆ ಎಂದು ಒಳಗೆ ಓಡಿಬಂದ ಸಾವಿರಾರು ಜನ ಅಲ್ಲೇ ಸತ್ತರು. ನ್ಯಾಂಗೆ ಚರ್ಚನ್ನು ಒಳಗಿದ್ದವರ ಸಮೇತ ಬುಲ್ಡೋಜರಿನಿಂದ ಕೆಡವಿದ ಪ್ರಕರಣದಲ್ಲಿ ಅಲ್ಲಿನ ಪಾದ್ರಿಗೇ 2008ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಜೀವಾವಧಿ ಶಿಕ್ಷೆ ವಿಧಿಸಿತು. ಆರಾಧನೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು ಕುಲದ ಕೂಗು ಬಂದಾಗ ಬೇರೆಯಾದರು. ಅದಕ್ಕೇ ಕೇಳುತ್ತಿದ್ದೇನೆ: ನಿಮ್ಮ ಕಮಿಟಿಯಲ್ಲಿ ಎರಡೂ ಬೀದಿಯವರು ಇದ್ದಾರಾ? ಇಲ್ಲವಾದರೆ ಬೀದಿಗಿಳಿಯುವ ಮೊದಲು ಅದನ್ನು ಸರಿಮಾಡಿ.

ಮೆರವಣಿಗೆಗೆ ಇಟ್ಟ ಹಣದಲ್ಲಿ ನಾಲ್ಕು ಜಾಕೆಟ್, ನಾಲ್ಕು ಟಾರ್ಚ್, ಒಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ತರಿಸು. ಒಂದು ವರ್ಷ ಯಾವ ಶುಕ್ರವಾರವೂ ತಪ್ಪಿಸುವುದಿಲ್ಲ ಎನ್ನುವ ನಾಲ್ವರು ಯಾರು ಎಂದು ಮುಂದಿನ ಕಾಗದದಲ್ಲಿ ಬರೆ.

ನಿನ್ನ ಗೆಳೆಯ