ನಿನಗೆ ರಾತ್ರಿ ಒಂದು ಗಂಟೆ, ನಮಗೆ ಒಂಬತ್ತೂವರೆ

ಅರಸೀಕೆರೆ
ಭಾನುವಾರ ಸಂಜೆ

ಚಿ. ಸಿರಿಗೆ ದೊಡ್ಡಮ್ಮನ ಆಶೀರ್ವಾದಗಳು.

ಟೋಕಿಯೋದಿಂದ ನಿನ್ನ ಕಾಗದ ಬಂತು. ಮೂರು ಸಲ ಓದಿದೆ. ಕೆಲಸದ ವಿಷಯ, ಮನೆ ಬದಲಾಯಿಸಿದ್ದು, ಅಪ್ಪನ ಜೊತೆ ಆದ ಮಾತು, ಇದೆಲ್ಲ ನಿಮ್ಮಮ್ಮ ಮೊದಲೇ ಹೇಳಿದ್ದಳು. ಅದಕ್ಕೆ ಈಗ ಉತ್ತರ ಬರೆಯಲ್ಲ. ಎರಡನೇ ಪುಟದ ಕೆಳಗೆ ಒಂದು ಸಾಲು ಬರೆದಿದ್ದೀಯಲ್ಲ, "ಆ ಬಟ್ಟೆಯಲ್ಲಿದ್ದೆ, ಅದಕ್ಕೇ ಯಾರಿಗೂ ಫೋನ್ ಮಾಡಲಿಲ್ಲ" ಅಂತ. ಅಷ್ಟು ಬರೆದು ನೀನು ಮುಂದಿನ ವಿಷಯಕ್ಕೆ ಹೋಗಿಬಿಟ್ಟೆ. ನನಗೆ ಅಲ್ಲಿಂದ ಮುಂದೆ ಹೋಗೋಕೆ ಆಗಲಿಲ್ಲ.

ಕೊನೆ ರೈಲು ತಪ್ಪಿತು ಅಂತ ನಾನು ಬಯ್ಯಲ್ಲ. ಗೆಳತಿಯ ಹುಟ್ಟುಹಬ್ಬ, ಹರಾಜುಕುವಿನಲ್ಲಿ ಟೀ, ಆಮೇಲೆ ಶಿಬುಯದಲ್ಲಿ ಫೋಟೋ, ಹಾಡು. ಹೊತ್ತು ಹೋಗಿದ್ದು ಗೊತ್ತಾಗಲಿಲ್ಲ. ಇಪ್ಪತ್ತಾರು ವರ್ಷದ ಹುಡುಗಿಗೆ ಒಂದು ರಾತ್ರಿ ಹಾಗಾಗೋದು ಸಹಜ. ಮಧ್ಯರಾತ್ರಿ ಕಳೆದು ಸ್ವಲ್ಪ ಹೊತ್ತಿಗೆ ಅಲ್ಲಿ ರೈಲೆಲ್ಲ ನಿಂತರೆ ಮತ್ತೆ ಶುರುವಾಗೋದು ಬೆಳಗಿನ ಐದರ ಸುಮಾರಿಗೇ ಅಂತ ನೀನೇ ಹಿಂದೆ ಹೇಳಿದ್ದೆ. ಗೆಳತಿಯರು ಅವರವರ ದಾರಿ ಹಿಡಿದರು. ನೀನು ಒಟೆಮಾಚಿಯಲ್ಲಿ ಇಳಿದು ಮನೆ ಕಡೆ ಹೋಗುವ ತೋಝಾಯ್ ಲೈನಿಗೆ ಓಡಿದೆ. ಆ ದಪ್ಪ ಅಟ್ಟೆಯ ಶೂನಲ್ಲಿ ಮೆಟ್ಟಿಲು ಇಳಿಯುವಾಗ ಲೇಸು ಸಿಕ್ಕಿ ಹರಿಯಿತು. ರೈಲೂ ಹೋಗಿತ್ತು. ಬರೀ ಆಫೀಸುಗಳಿರುವ ಜಾಗ, ರಾತ್ರಿ ನರಪಿಳ್ಳೆ ಇರಲ್ಲ ಅಂತ ನೀನೇ ಬರೆದಿದ್ದೀಯ. ನವೆಂಬರ್ ಚಳಿ. ಅಲ್ಲಿ ಕಲ್ಲುಬೆಂಚಿನ ಮೇಲೆ ನಾಲ್ಕು ಗಂಟೆ ಕೂತಿದ್ದೆ.

ನೀನಿರುವ ನಿಶಿಕಸಾಯ್‌ನಲ್ಲಿ ನಮ್ಮ ದೇಶದವರು ಎಷ್ಟು ಜನ ಇದ್ದಾರೆ! ಪಕ್ಕದ ಬಿಲ್ಡಿಂಗಿನ ಹಾಸನದ ಅಕ್ಕ ಹಬ್ಬಕ್ಕೆ ಹೋಳಿಗೆ ಕೊಟ್ಟು ಕಳಿಸುವವರು. ಅವರ ನಂಬರು ನಿನ್ನ ಫೋನಿನಲ್ಲಿದೆ. ಅವರ ಮನೆಯಲ್ಲಿ ಕಾರೂ ಇದೆ. ಆದರೂ ಫೋನ್ ಮಾಡಲಿಲ್ಲ. ಯಾಕೆ ಅಂದರೆ ಮೈಮೇಲಿದ್ದದ್ದು ಲೊಲಿಟಾ ಫ್ರಾಕು, ಗೊಂಬೆಗೆ ಹಾಕುವ ಹಾಗೆ ಲೇಸು ಫ್ರಿಲ್ಲು ತುಂಬಿದ್ದು. ಸಾದಾ ಬಟ್ಟೆ ಹರಾಜುಕು ಸ್ಟೇಷನ್ನಿನ ಲಾಕರಿನಲ್ಲೇ ಉಳಿದಿತ್ತು. ಪ್ರತಿ ಸಲ ಸ್ಟೇಷನ್ನಿನ ಟಾಯ್ಲೆಟ್ಟಿನಲ್ಲಿ ಬಟ್ಟೆ ಬದಲಾಯಿಸಿಕೊಂಡೇ ಮನೆಗೆ ಬರ್ತೀನಿ ಅಂತ ನೀನು ಬರೆದ ಮೇಲೆ ನನಗೆ ತಿಳಿಯಿತು.

ಸಿರಿ, ನನಗೆ ಆ ಬಟ್ಟೆಯ ಮೇಲೆ ಬೇಸರ ಇಲ್ಲ. ಮೂವತ್ತೊಂದು ವರ್ಷ ಹೊಲಿದವಳು ನಾನು. ನೀನು ಕಳಿಸಿದ ಫೋಟೋ ದೊಡ್ಡದು ಮಾಡಿ ನೋಡಿದೆ. ಎದೆಯ ಹತ್ತಿರ ಎರಡೂ ಕಡೆ ಸಾಲಾಗಿ ಸಣ್ಣ ಮಡಿಕೆಯ ಪಿನ್‌ಟಕ್ ಇದೆ. ಒಂದೊಂದೂ ಅಕ್ಕಿಕಾಳಿನಷ್ಟು ಅಗಲ, ಒಂದೂ ಸೊಟ್ಟ ಇಲ್ಲ. ಲಂಗದ ಕೆಳಗೆ ಫ್ರಿಲ್ಲಿಗೆ ಸುತ್ತಳತೆಯ ಎರಡರಷ್ಟಾದರೂ ಬಟ್ಟೆ ಹಿಡಿದಿದ್ದಾರೆ, ಅದಕ್ಕೇ ನೆರಿಗೆ ಅಷ್ಟು ತುಂಬಿ ಬಂದಿದೆ. ಒಳಗೆ ಪ್ಯಾನಿಯರ್ ಅನ್ನೋ ಒಳಲಂಗ ಹಾಕ್ತೀವಿ, ಅದರಿಂದಲೇ ಲಂಗ ಗಂಟೆಯ ಹಾಗೆ ಅರಳಿ ನಿಲ್ಲೋದು ಅಂದಿದ್ದೆ. ನನ್ನ ಕೈಗೆ ಅಂಥದ್ದೊಂದು ಬಂದಿದ್ದರೆ ಮೊದಲು ತಿರುಗಿಸಿ ಒಳಗಿನ ಹೊಲಿಗೆ ನೋಡುತ್ತಿದ್ದೆ. ಒಂದು ಫ್ರಾಕಿಗೆ ಮೂವತ್ತು ಸಾವಿರ ಯೆನ್ ಅಂದಾಗ ನಿಮ್ಮಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡಳು. ನನಗೆ ಹಾಗನ್ನಿಸಲಿಲ್ಲ. ಆ ಕೆಲಸಕ್ಕೆ ಆ ಬೆಲೆ ಸರಿಯೇ. ನೀನು ಮಧ್ಯಾಹ್ನದ ಊಟಕ್ಕೆ ಡಬ್ಬಿ ಕಟ್ಟಿಕೊಂಡು ಹೋಗಿ ಆರು ತಿಂಗಳು ಉಳಿಸಿ ತಗೊಂಡಿದ್ದು, ಅದರಲ್ಲಿ ಕದ್ದು ಮುಚ್ಚುವಂಥದ್ದು ಏನಿದೆ?

ಹೆದರಿಕೆ ಇರೋದು ಬೇರೆ ಕಡೆ. ಕಷ್ಟ ಬಂದಾಗ ನೀನು ಮೊದಲು ಕನ್ನಡಿ ನೋಡಿಕೊಂಡು, ಆಮೇಲೆ ಫೋನ್ ಮಾಡಲೋ ಬೇಡವೋ ಅಂತ ಯೋಚಿಸಿದೆಯಲ್ಲ. ಅದು ನನಗೆ ನಿದ್ದೆ ಕೊಡ್ತಾ ಇಲ್ಲ.

ನಿಮ್ಮ ಚಿಕ್ಕಮ್ಮ ಗೀತನ ವಿಷಯ ಬರೆಯಲೇಬೇಕು. ಕೊನೆಗೆ ಏನಾಯಿತು ಅನ್ನೋದು ಮನೆಯವರಿಗೆಲ್ಲ ಗೊತ್ತು, ಅದು ಬೇಡ. ಯಾರಿಗೂ ಗೊತ್ತಿಲ್ಲದ್ದು ಒಂದಿದೆ.

1981. ನಿಮ್ಮ ಚಿಕ್ಕಮ್ಮ ಬೆಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದಳು. ಒಂದು ರಜದಲ್ಲಿ ಎರಡು ಮೀಟರ್ ಟೆರಿಕಾಟ್ ಬಟ್ಟೆ, ಒಂದು ಪತ್ರಿಕೆಯ ಚಿತ್ರ ಹಿಡಿದುಕೊಂಡು ಬಂದಳು. "ಅಕ್ಕ, ಬೆಲ್‌ಬಾಟಮ್ ಹೊಲಿದುಕೊಡು" ಅಂದಳು. ಗಂಡಸರ ಬಟ್ಟೆ ಹೊಲಿಯಲ್ಲ ಅಂತ ಬಟ್ಟೆ ವಾಪಸ್ ಅವಳ ಕೈಗೆ ಹಾಕಿದೆ. ಅವಳು ಬೆಂಗಳೂರಿನಲ್ಲೇ ಯಾರ ಕೈಲೋ ಹೊಲಿಸಿಕೊಂಡಳು. ಮುಂದಿನ ಸಲ ಅದನ್ನೇ ಹಾಕಿಕೊಂಡು, ಕೂದಲೂ ಕತ್ತರಿಸಿಕೊಂಡು ಬಂದಳು. ಬ್ಲೌಸ್ ಅಳತೆ ಕೊಡೋಕೆ ಬಂದ ನಾಲ್ಕು ಹೆಂಗಸರು ಕೂತಿದ್ದರು. ಅವರೆದುರೇ ಅಂದೆ, "ಈ ವೇಷದಲ್ಲಿ ನಮ್ಮನೆ ಮೆಟ್ಟಿಲು ಹತ್ತಬೇಡ" ಅಂತ. ಅವಳು ಏನೂ ಮಾತಾಡಲಿಲ್ಲ. ಚೀಲ ಎತ್ತಿಕೊಂಡು ಹೋದಳು.

ಅದಾದ ಎಷ್ಟೋ ದಿನಕ್ಕೆ ಬೆಂಗಳೂರಿನ ರೈಲು ತಡವಾಗಿ ರಾತ್ರಿ ಹನ್ನೆರಡಕ್ಕೆ ಅರಸೀಕೆರೆಗೆ ಬಂದಿತ್ತಂತೆ. ಊರಿಗೆ ಹೋಗುವ ಬಸ್ಸು ಬೆಳಗಿನವರೆಗೂ ಇರಲಿಲ್ಲ. ಆಗ ನಮ್ಮ ಮನೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲೇ ಇತ್ತು. ಅವಳು ಬರಲಿಲ್ಲ. ಬೆಳಗಾಗುವ ತನಕ ಸ್ಟೇಷನ್ನಿನಲ್ಲೇ ಕೂತಿದ್ದಳು. ನನಗೆ ಇದು ಗೊತ್ತಾಗಿದ್ದು ಹದಿನಾರು ವರ್ಷ ಆದ ಮೇಲೆ, ಆಸ್ಪತ್ರೆಯಲ್ಲಿ. ನಾನು ಅವಳ ತಲೆ ಬಾಚುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಅಂದಳು, "ಅಕ್ಕ, ಅವತ್ತು ಓವರ್‌ಬ್ರಿಜ್ ಮೇಲಿಂದ ನಿಮ್ಮನೆ ಲೈಟು ಕಾಣಿಸ್ತಿತ್ತು. ಪ್ಯಾಂಟ್ ಹಾಕಿದ್ನಲ್ಲ, ಅದಕ್ಕೇ ಬರಲಿಲ್ಲ."

ಮದುವೆ ಸೀಸನ್ನು. ಬ್ಲೌಸುಗಳಿಗೆ ಹೆಮ್ಮಿಂಗ್ ಮಾಡುತ್ತಾ ನಾನು ಎದ್ದೇ ಇದ್ದಿರಬೇಕು. ಬಾಗಿಲು ತಟ್ಟಿದ್ದರೆ ತೆಗೆಯುತ್ತಿದ್ದೆ ಸಿರಿ. ಖಂಡಿತ ತೆಗೆಯುತ್ತಿದ್ದೆ. ಆದರೆ ಅವಳಿಗೆ ಅದು ಹೇಗೆ ಗೊತ್ತಾಗಬೇಕು? ನಾನು ಹೇಳಿದ್ದು ಇನ್ನೊಂದಲ್ಲವಾ.

ಆ ರಾತ್ರಿ ಅವಳಿಗೆ ಏನೂ ಆಗಲಿಲ್ಲ. ಆದರೆ ಅಲ್ಲಿಂದ ಮುಂದೆ ತನ್ನ ಯಾವ ಕಷ್ಟವನ್ನೂ ಅವಳು ನನ್ನ ಹತ್ತಿರ ತರಲಿಲ್ಲ. ದೊಡ್ಡ ಕಷ್ಟ ಬಂದಾಗಲೂ ತರಲಿಲ್ಲ.

ನೀನು ಹಿಂದೊಮ್ಮೆ ಹರಾಜುಕುವಿನ ಕತೆ ಹೇಳಿದ್ದೆ, ನೆನಪಿದೆಯಾ? ಯೊಯೊಗಿ ಪಾರ್ಕಿನ ಪಕ್ಕದ ರಸ್ತೆಯಲ್ಲಿ ಭಾನುವಾರ ಗಾಡಿ ಬಿಡುತ್ತಿರಲಿಲ್ಲ, ಹುಡುಗ ಹುಡುಗಿಯರು ಕಣ್ಣು ಕೋರೈಸುವ ಬಣ್ಣದ ದೊಗಳೆ ಬಟ್ಟೆ ಹಾಕಿಕೊಂಡು ಗುಂಪುಗುಂಪಾಗಿ ಕುಣಿಯುತ್ತಿದ್ದರು, ತಕೆಶಿತಾ ಬೀದಿಯ ತಾಕೆನೊಕೊ ಅನ್ನುವ ಅಂಗಡಿಯಿಂದ ಅವರಿಗೆ ತಾಕೆನೊಕೊ ಗುಂಪು ಅಂತಲೇ ಹೆಸರು ಬಂತು ಅಂತ. ಯಾವಾಗ ಅಂತ ಕೇಳಿದೆ. 1980ರ ಆಚೆಈಚೆ ಅಂದೆ. ನಾನು ಆಮೇಲೆ ಮಾತು ಬದಲಾಯಿಸಿದೆ, ನೀನು ಗಮನಿಸಿರಲಾರೆ. ಅದೇ ವರ್ಷಗಳಲ್ಲಿ ನಾನು ಒಂದು ಪ್ಯಾಂಟಿಗೆ ನನ್ನ ತಂಗಿಯನ್ನು ಬಾಗಿಲಿಂದ ಹೊರಗಿಟ್ಟಿದ್ದೆ.

ಆ ಜಪಾನಿನವರಿಗೂ ಎಲ್ಲ ಸುಲಭ ಇರಲಿಲ್ಲ ಅಂತ ನಿನ್ನ ಮಾತಿನಿಂದಲೇ ತಿಳಿದುಕೊಂಡೆ. ಶಾಲೆಯಲ್ಲಿ ಯೂನಿಫಾರ್ಮು, ಆಫೀಸಿನಲ್ಲಿ ಕಪ್ಪು ಸೂಟು, ಅದಕ್ಕೇ ಭಾನುವಾರ ಬೇಕಾಗುತ್ತಿತ್ತು ಅಂದೆ. ಸ್ಟೇಷನ್ ಪಕ್ಕದ ಜಿಂಗು ಸೇತುವೆಯ ಮೇಲೆ ಸೇರಿಕೊಂಡು, ಕಪ್ಪು ಲೇಸಿನವರು ಬಿಳಿ ಲೇಸಿನವರು ಒಬ್ಬರ ಬಟ್ಟೆ ಒಬ್ಬರು ನೋಡಿಕೊಂಡು ಇಡೀ ದಿನ ಕಳೆಯುತ್ತಿದ್ದರಂತೆ. ನಿನಗೆ ಇಷ್ಟವಾದ ಆ ಲೊಲಿಟಾ ಮಾಡೆಲ್ ಮಿಸಾಕೊ ಆವೊಕಿ ಕೂಡ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿಯುತ್ತಲೇ ಈ ಬಟ್ಟೆ ಹಾಕಿದವಳು. 2009ರಲ್ಲಿ ಅಲ್ಲಿನ ವಿದೇಶಾಂಗ ಸಚಿವಾಲಯವೇ ಅವಳನ್ನು ಕವಾಯಿ, ಅಂದರೆ ಮುದ್ದು, ರಾಯಭಾರಿ ಅಂತ ನೇಮಿಸಿತು. ಸರ್ಕಾರ ದೇಶದೇಶಕ್ಕೆ ಕಳಿಸಿ ತೋರಿಸಿದ ಬಟ್ಟೆಯನ್ನು ನೀನು ಸ್ಟೇಷನ್ನಿನ ಟಾಯ್ಲೆಟ್ಟಿನಲ್ಲಿ ಬಿಚ್ಚಿ ಚೀಲಕ್ಕೆ ತುರುಕುತ್ತೀಯಾ?

ಯಾರಿಗಾಗಿ ಬಿಚ್ಚುತ್ತೀಯ ಅಂತ ನನಗೆ ಗೊತ್ತು. ಟೋಕಿಯೋದವರಿಗಾಗಿ ಅಲ್ಲ, ನಮಗಾಗಿ. ಹಾಸನದ ಅಕ್ಕ ನೋಡಿದರೆ ಊರಿಗೆ ಸುದ್ದಿ ಹೋಗುತ್ತೆ ಅಂತ. ಹೋಗಬಹುದು. ಅವರು ಕಾರಿನಲ್ಲಿ ಕೂರಿಸಿಕೊಂಡು ಮನೆ ತಲುಪಿಸಿ, ಮಾರನೇ ದಿನ ನಾಲ್ಕು ಜನಕ್ಕೆ ಹೇಳಬಹುದು. ಹೇಳಲಿ. ನೀನು ಮನೆ ತಲುಪಿರುತ್ತೀಯ.

ಉಪದೇಶ ಮಾಡೋ ಯೋಗ್ಯತೆ ನನಗೆಷ್ಟಿದೆ ಅಂತ ಮೇಲೆ ಬರೆದದ್ದರಲ್ಲೇ ಇದೆ. ಆದರೂ ತೋಚಿದ್ದು ಬರೆಯುತ್ತೀನಿ, ಬೇಡ ಅನಿಸಿದರೆ ಬಿಡು. ಚೀಲದಲ್ಲಿ ಒಂದು ಜೊತೆ ತೆಳು ಚಪ್ಪಲಿ ಇಟ್ಟುಕೋ, ಆ ಶೂನಲ್ಲಿ ಓಡೋಕಾಗಲ್ಲ. ಕೊನೆ ರೈಲಿನ ಹೊತ್ತನ್ನು ಹೊರಡುವಾಗಲೇ ಗೆಳತಿಯರಿಗೆ ಹೇಳಿರು, ಒಬ್ಬರಾದರೂ ನೆನಪಿಸುತ್ತಾರೆ. ಗಲ್ಲಿಗಲ್ಲಿಗೂ ಪುಟ್ಟ ಪೊಲೀಸ್ ಚೌಕಿ ಇದೆ, ಕೋಬಾನ್ ಅಂತಾರೆ ಅಂದಿದ್ದೆಯಲ್ಲ, ಕಲ್ಲುಬೆಂಚಿಗಿಂತ ಅದರ ಮುಂದೆ ಕೂತಿರೋದು ವಾಸಿ. ಇನ್ನು, ಕೇಳದೆ ಫೋಟೋ ತೆಗೆದವನ ವಿಷಯ ಬರೆದಿದ್ದೆ. ಅದಕ್ಕೆ ಏನು ಹೇಳಬೇಕೋ ನನಗೆ ತಿಳಿಯಲಿಲ್ಲ. ಗೆಳತಿಯರು ಜೊತೆಗಿದ್ದಾಗ ಬೇಡ ಅಂತ ಜೋರಾಗಿ ಹೇಳಿಬಿಡು, ಅಷ್ಟೇ.

ಆಮೇಲೆ ಇದೊಂದು. ನಮಗಿಂತ ನಿಮ್ಮ ಗಡಿಯಾರ ಮೂರೂವರೆ ಗಂಟೆ ಮುಂದೆ. ನೀನು ಆ ಬೆಂಚಿನ ಮೇಲೆ ಕೂತಾಗ ರಾತ್ರಿ ಒಂದು ಗಂಟೆ ಆಗಿದ್ದರೆ ಇಲ್ಲಿ ಒಂಬತ್ತೂವರೆ. ಲೆಕ್ಕ ಹಾಕಿ ನೋಡಿದೆ. ಊಟ ಮುಗಿದಿತ್ತು. ಕನ್ನಡಕ ಹಾಕಿಕೊಂಡು ದಿಂಬಿನ ಕವರಿಗೆ ಗುಂಡಿ ಹೊಲಿಯುತ್ತಿದ್ದೆ. ಫೋನು ಪಕ್ಕದಲ್ಲೇ ಇತ್ತು. ಎರಡನೇ ಸಲವೂ ನಾನು ಎದ್ದೇ ಇದ್ದೆ ಸಿರಿ. ಅಲ್ಲಿಗೆ ಬಂದು ಕರೆದುಕೊಂಡು ಹೋಗೋಕೆ ಆಗಲ್ಲ ನಿಜ. ಆದರೆ ಐದು ಗಂಟೆಯ ರೈಲು ಬರುವ ತನಕ ಮಾತಾಡುತ್ತಾ ಇರಬಹುದಿತ್ತು. ವೀಡಿಯೋ ಕಾಲ್ ಮಾಡಿದರೂ ಸರಿ. ಹರಿದ ಲೇಸು, ಕೆಟ್ಟ ಮೇಕಪ್ಪು, ತಲೆ ಮೇಲಿನ ಬೋ, ಏನಿದ್ದರೂ ಸರಿ.

ಅಮ್ಮನಿಗೆ ಹೇಳಬೇಡ ಅಂದಿದ್ದೀಯ. ಹೇಳಿಲ್ಲ. ನೀನೇ ಹೇಳಿದರೆ ನನಗೆ ಸಮಾಧಾನ, ಆದರೆ ಬಲವಂತ ಇಲ್ಲ. ಅವಳು ಮೊದಲು ಕೂಗಾಡುತ್ತಾಳೆ. ಗೀತನ ವಿಷಯದಲ್ಲಿ ಅವಳು ಒಂದು ದಿನವೂ ಕೂಗಾಡಿರಲಿಲ್ಲ, ನಾನೇ ಕೂಗಾಡಿದ್ದು. ಅದನ್ನು ನೆನಪಿಟ್ಟುಕೋ.

ಹರಿದ ಲೇಸಿನ ಅಗಲ ಟೇಪಿನಲ್ಲಿ ಅಳೆದು ಬರಿ. ಹತ್ತಿಯದೋ ನೈಲಾನಿನದೋ ಅದೂ ಬರಿ. ಹತ್ತಿಯದಾದರೆ ನನ್ನ ಟ್ರಂಕಿನಲ್ಲಿ ಹಳೇದು ಒಂದು ಸುತ್ತು ಇದೆ, ದಂತದ ಬಣ್ಣ, ಅಂಚಿನಲ್ಲಿ ಸಣ್ಣ ಕಮಾನು ಕಮಾನು. ಮೂರು ಮೀಟರ್ ಸಾಕಾ? ಜನವರಿಯಲ್ಲಿ ಹಾಸನದ ಅಕ್ಕನ ತಮ್ಮ ಅಲ್ಲಿಗೆ ಬರುತ್ತಾನಂತೆ, ಅವನ ಕೈಲಿ ಅವರ ಮನೆಗೇ ಕಳಿಸುತ್ತೀನಿ. ಹೋಗಿ ಇಸಿದುಕೋ.

ನಿನ್ನ
ದೊಡ್ಡಮ್ಮ